ಹೇಮಾಳನ್ನು ಸಾಲಿಯಿಂದ ಸುರಕ್ಷಿತವಾಗಿ ದೂರ ಇಟ್ಟವರಿಗೆ

ಸುರಕ್ಷಿತ ಶಾಲಾ ಮರುಪ್ರವೇಶ ಯೋಜನೆಯ ಉಸ್ತುವಾರಿ ಅಧಿಕಾರಿ ಎಂಬ ಉದ್ದನೆಯ ಹೆಸರಿನ ಹಿಂದೆ ಕ್ಷೇಮವಾಗಿರುವ ಮಾನ್ಯರೇ,

ಮೊದಲು ಅಭಿನಂದನೆ ಸ್ವೀಕರಿಸಬೇಕು. ನಿನ್ನೆ ಗಣರಾಜ್ಯೋತ್ಸವದ ಧ್ವಜದ ಕೆಳಗೆ ನಿಂತು ತಾವು, ಹತ್ತನೆಯ ತರಗತಿ ಶುರುವಾದ ಇಪ್ಪತ್ತಾರು ದಿನಗಳಲ್ಲಿ ನಮ್ಮ ವಸತಿನಿಲಯಗಳಲ್ಲಿ ಒಂದೇ ಒಂದು ಸೋಂಕಿನ ಪ್ರಕರಣವೂ ಇಲ್ಲವೆಂದು ಘೋಷಿಸಿದಿರಿ. ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಲ್ಲಿ ನಿಂತು ನಾನೂ ತಟ್ಟಿದೆ. ಆದರೆ ಆ ಸಾಧನೆಯಲ್ಲಿ ಹೇಮಾ ಎಂಬ ಹದಿನೈದು ವರ್ಷದ ಹುಡುಗಿಯ ಪಾಲೂ ಇದೆ ಎಂಬುದು ತಮಗೆ ನೆನಪಿರಲಿಕ್ಕಿಲ್ಲ. ಅವಳಿಗೆ ಹಾಸ್ಟೆಲಿನಲ್ಲಿ ಸೋಂಕು ತಗುಲಿಲ್ಲ, ನಿಜ. ತಾವು ಅವಳನ್ನು ಹಾಸ್ಟೆಲಿನೊಳಗೆ ಬಿಟ್ಟೇ ಇಲ್ಲ. ಬರುವ ಶನಿವಾರ, ಮೂವತ್ತನೆಯ ತಾರೀಖು, ಮರುಪ್ರವೇಶದ ಕೊನೆಯ ದಿನ. ಅಂದು ಸಂಜೆಯೊಳಗೆ ಅವಳು ಒಳಗೆ ಹೋಗದಿದ್ದರೆ ಅವಳ ಮಂಚ ಖಾಲಿಯೆಂದು ಬರೆದುಕೊಳ್ಳುತ್ತೀರಿ. ಹುಡುಗಿಯ ಹತ್ತನೆಯ ತರಗತಿ ಅಲ್ಲಿಗೆ ಮುಗಿಯಿತು. ಈ ಪತ್ರ ಆ ಒಂದು ಮಂಚದ ಸಲುವಾಗಿ.

ನಾನು ಯಾರು ಎಂದು ಕೇಳುವ ಹಕ್ಕು ತಮಗಿದೆ. ಯಲಬುರ್ಗಾದ ಬಸ್ ನಿಲ್ದಾಣದ ಎದುರಿಗೆ ನನ್ನದೊಂದು ಝರಾಕ್ಸ್ ಅಂಗಡಿ. ಅರ್ಜಿ ತುಂಬಿಕೊಡುವುದು ಕಸುಬು, ವಾರಪತ್ರಿಕೆಗೆ ನಗೆಬರಹ ಬರೆಯುವುದು ಚಟ. ತಮ್ಮಂಥವರು ಇರುವತನಕ ಎರಡಕ್ಕೂ ಬರ ಇಲ್ಲ. ತಮ್ಮ ಯೋಜನೆಯ ನಲವತ್ತೆಂಟು ಪುಟದ ಪುಸ್ತಕ ನನ್ನ ಮಷೀನಿನೊಳಗಿಂದಲೇ ನೂರಾರು ಸಲ ಹಾದುಹೋಗಿದ್ದರಿಂದ ನನಗದು ಹೆಚ್ಚುಕಡಿಮೆ ಬಾಯಿಪಾಠ. ಮಷೀನಿಗೂ ಬಾಯಿಪಾಠವಾಗಿರಬೇಕು, ಈಗೀಗ ಹದಿನೇಳನೆಯ ಪುಟಕ್ಕೆ ಬಂದಾಗಲೆಲ್ಲ ತಾನಾಗಿಯೇ ನಿಲ್ಲುತ್ತದೆ. ಆ ಪುಟದಲ್ಲಿ ಹೀಗಿದೆ: "ವಿದ್ಯಾರ್ಥಿಗಳು ಪರಸ್ಪರ ಆರು ಅಡಿ ಅಂತರದಲ್ಲಿ ಸ್ನೇಹದಿಂದ ವರ್ತಿಸತಕ್ಕದ್ದು." ಇದನ್ನು ಬರೆದ ಕೈಗೆ ನನ್ನ ದೊಡ್ಡ ನಮಸ್ಕಾರ, ಆರು ಅಡಿ ದೂರದಿಂದಲೇ. ಇಪ್ಪತ್ತೆರಡನೆಯ ಪುಟದಲ್ಲಿ ಮಕ್ಕಳು ಬುತ್ತಿ, ಪೆನ್ನು ಮತ್ತು ನಗೆಚಾಟಿಕೆಯನ್ನು ಹಂಚಿಕೊಳ್ಳಬಾರದು ಎಂದಿದೆ. ನಗುವುದರಿಂದ ಹನಿ ಹಾರುತ್ತವಂತೆ. ಹಾಗಿದ್ದರೆ ತಮ್ಮ ಪುಸ್ತಕವನ್ನು ಮಕ್ಕಳಿಗೆ ಓದಲು ಕೊಡಬಾರದೆಂದೂ ಒಂದು ನಿಯಮ ಸೇರಿಸಬೇಕಿತ್ತು.

ಆ ಪುಸ್ತಕದ ಬಿಡುಗಡೆಗೂ ನಾನು ಬಂದಿದ್ದೆ. ಕಿಟಕಿ ಇಲ್ಲದ ಸಭಾಭವನ, ಒಳಗೆ ಇನ್ನೂರು ಮಂದಿ. ವೇದಿಕೆಯ ಮೇಲೆ ಒಂದೇ ಮೈಕು ಒಂಬತ್ತು ಬಾಯಿ ಸುತ್ತಿ ಬಂತು. ಹೊದಿಸಿದ ಶಾಲುಗಳೇ ಕೊರಳಿಂದ ಕೊರಳಿಗೆ ತಿರುಗಿದವು. ತಾವು ಮಾತಾಡುವಾಗ ಸರಿಯಾಗಿ ಕೇಳಲೆಂದು ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡು, "ಮಾಸ್ಕ್ ನಮ್ಮ ಮೈಯ ಭಾಗವಾಗಬೇಕು" ಅಂದಿರಿ. ಗದ್ದವೂ ಮೈಯ ಭಾಗವೇ, ತಕರಾರಿಲ್ಲ.

ನಗುತ್ತೇನೆಂದು ನಾನು ಈ ರೋಗವನ್ನು ಹಗುರ ಮಾಡುವವಳೆಂದು ತಿಳಿಯಬೇಡಿ. ನಮ್ಮ ಓಣಿಯ ರೇಣುಕಾದೇವಿ, ಹತ್ತೊಂಬತ್ತು ವರ್ಷ ಸಾಲಿ ಮಕ್ಕಳಿಗೆ ಬಿಸಿಯೂಟ ಬಡಿಸಿದಾಕಿ, ಸೆಪ್ಟೆಂಬರಿನಲ್ಲಿ ಹೋದಳು. ಆಕೆಯ ಮುಖ ಕೂಡ ಸರಿಯಾಗಿ ನೋಡಲಿಕ್ಕೆ ಸಿಗಲಿಲ್ಲ. ಆದ್ದರಿಂದಲೇ ಕೇಳುತ್ತೇನೆ, ಸುರಕ್ಷತೆ ಅಂದರೆ ಏನು? ಹೇಮಾ ಇರಬೇಕಾದ ಹಾಸ್ಟೆಲಿಗೆ ನಾನು ಹೋಗಿ ನೋಡಿದ್ದೇನೆ. ಅರವತ್ತು ಹುಡುಗಿಯರಿಗೆ ಮೂರು ನಳ, ಅದರಲ್ಲಿ ನೀರು ಬರುವುದು ಒಂದಕ್ಕೆ. ಮಲಗುವ ಕೋಣೆಯ ಕಿಟಕಿಗಳಿಗೆ ಮಂಗ ಬರುತ್ತವೆಂದು ಎಂದೋ ಹಲಗೆ ಜಡಿದಿದ್ದಾರೆ, ಇನ್ನೂ ಬಿಚ್ಚಿಲ್ಲ. ಒಂದು ಸುತ್ತಿಗೆ ಹಿಡಿದು ಆ ಹಲಗೆ ಕಿತ್ತು, ಇನ್ನೆರಡು ನಳ ರಿಪೇರಿ ಮಾಡಿಸಿ, ಮಂಚಗಳನ್ನು ತುಸು ದೂರ ಸರಿಸಿದ್ದರೆ ಅದಕ್ಕೆ ನಾನು ಯೋಜನೆ ಅನ್ನುತ್ತಿದ್ದೆ. ನಲವತ್ತೆಂಟು ಪುಟದಲ್ಲಿ ನಳ ಎಂಬ ಶಬ್ದ ಎಲ್ಲಿಯೂ ಇಲ್ಲ. ಸಹಿ ಎಂಬ ಶಬ್ದ ಎಲ್ಲೆಲ್ಲಿಯೂ ಇದೆ. ಕೈ ತೊಳೆಯುವುದಕ್ಕೆ ಮಕ್ಕಳಿಗೆ ನೀರಿಲ್ಲ. ತಮಗೆ ಮಾತ್ರ ಕೈ ತೊಳೆದುಕೊಳ್ಳಲು ಪೂರ್ತಿ ಏರ್ಪಾಡಾಗಿದೆ.

ಇನ್ನು ಹೇಮಾಳ ಕಥೆ. ಇವಳ ಅಪ್ಪ ದುರಗಪ್ಪ ಕುರಿಗಾರ. ಅಪ್ಪ ಅವ್ವ ಇಬ್ಬರೂ ವರ್ಷದಲ್ಲಿ ಏಳೆಂಟು ತಿಂಗಳು ಹಿಂಡಿನ ಹಿಂದೆ. ಡಿಸೆಂಬರಿನಲ್ಲಿ ಗಂಗಾವತಿ ಕಡೆ ಭತ್ತದ ಕೊಯ್ಲು ಮುಗಿದ ಕೂಡಲೇ ಕೆಳಗಿಳಿದು, ಮುಂದಿನ ನಾಟಿಗೆ ಗದ್ದೆಗೆ ನೀರು ಬಿಡುವುದರೊಳಗೆ ಒಂದೊಂದು ಹೊಲದಲ್ಲಿ ಎರಡು ಮೂರು ದಿನ ಕುರಿ ತರುಬುತ್ತಾರೆ. ಹಿಂಡು ಹೊಲದಲ್ಲಿ ಮಲಗಿದರೆ ಅದೇ ಗೊಬ್ಬರ. ಹೊಲದವರು ಕಾಳು ಕೊಡುತ್ತಾರೆ, ಕುರಿಗೆ ಕೂಳೆ ಸಿಗುತ್ತದೆ. ಆಮೇಲೆ ಮುಂದಿನ ಹೊಲ. ಇಂಥವರಿಗೆ ವಿಳಾಸ ಎಂಬುದು ಇವತ್ತಿನ ಮಟ್ಟಿಗೆ ಮಾತ್ರ. ಅದಕ್ಕೇ ಹೇಮಾ ಆರನೆಯ ತರಗತಿಯಿಂದ ಹಾಸ್ಟೆಲಿನಲ್ಲಿ ಇದ್ದವಳು. ಸಾಲಿ ಮುಚ್ಚಿದ ಮೇಲೆ ಊರಲ್ಲಿ ಅಜ್ಜಿ ಶಿವಲಿಂಗಮ್ಮನ ಹತ್ತಿರ ಹತ್ತು ತಿಂಗಳು ಕಳೆದಳು. ಮನೆಯಲ್ಲಿ ದೊಡ್ಡ ಫೋನಿಲ್ಲ, ಊರಿಗೆ ಇದ್ದೊಂದು ಬಸ್ಸು ಲಾಕ್‌ಡೌನಿಗೆ ನಿಂತದ್ದು ಇನ್ನೂ ಶುರುವಾಗಿಲ್ಲ. ವಾರಕ್ಕೊಮ್ಮೆ ಸಂತೆ ಗಾಡಿ ಹತ್ತಿ ನನ್ನ ಅಂಗಡಿಗೆ ಬಂದು, ಗೆಳತಿಯರ ನೋಟ್ಸು ಝರಾಕ್ಸ್ ಮಾಡಿಸಿಕೊಂಡು, ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತು ಅಲ್ಲೇ ಲೆಕ್ಕ ಬಿಡಿಸಿ ಹೋಗುತ್ತಿದ್ದಳು. ನನಗೆ ಅವಳ ಪರಿಚಯ ಅಷ್ಟೇ. ನನ್ನ ಅಕ್ಷರದ ತಪ್ಪು ತಿದ್ದುವಷ್ಟು ಸಲುಗೆ ಬೆಳೆಯಿತು.

ಜನವರಿಯ ಮೊದಲ ಸೋಮವಾರ ಅಜ್ಜಿ ಮೊಮ್ಮಗಳು ಟ್ರಂಕಿನ ಸಮೇತ ತಮ್ಮ ಕಚೇರಿಗೆ ಬಂದರು. ಒಳಗೆ ಹೋಗಲು ಪಾಲಕರ ಒಪ್ಪಿಗೆ ಪತ್ರ ಬೇಕು ಎಂದರು. ಅದು ತಮ್ಮ ಕಚೇರಿಯೇ ಕೊಡುವ ಪತ್ರ, ನಂಬರು ಹಾಕಿದ್ದು, ನೀಲಿ ಗುಂಡು ಶಿಕ್ಕ ಒತ್ತಿದ್ದು, ಒಬ್ಬ ವಿದ್ಯಾರ್ಥಿಗೆ ಒಂದೇ ಒಂದು. ಅಜ್ಜಿ ಹೆಬ್ಬೆಟ್ಟು ಚಾಚಿದಳು. ತಮ್ಮ ಗುಮಾಸ್ತರು ಅಜ್ಜಿ ಪಾಲಕರಲ್ಲ ಅಂದರು. ಹತ್ತು ತಿಂಗಳು ರೊಟ್ಟಿ ಬಡಿದು ಹಾಕಿದವರು, ಜ್ವರ ಬಂದಾಗ ತಲೆಗೆ ಬಟ್ಟೆ ಕಟ್ಟಿದವರು, ಪ್ರಾಯಕ್ಕೆ ಬಂದ ಹುಡುಗಿಯನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯ್ದವರು ತಮ್ಮ ಪುಸ್ತಕದ ಪ್ರಕಾರ "ಇತರೆ". ಅಪ್ಪನಿಗೆ ಫೋನ್ ಹಚ್ಚಿ ಈಗಲೇ ಒಪ್ಪಿಗೆ ಹೇಳಿಸುತ್ತೇನೆಂದು ನಾನು ಅಂಗಡಿ ಬಿಟ್ಟು ಓಡಿಬಂದೆ. ದನಿಯನ್ನು ಫೈಲಿಗೆ ಹಚ್ಚಲಿಕ್ಕೆ ಬರುವುದಿಲ್ಲ ಎಂದು ಗುಮಾಸ್ತರು ತಾಳ್ಮೆಯಿಂದ ತಿಳಿಸಿಕೊಟ್ಟರು. ಶಿವಲಿಂಗಮ್ಮ ಮಾತ್ರ ಟೇಬಲ್ ಬಿಟ್ಟು ಏಳಲಿಲ್ಲ. "ಯಪ್ಪಾ, ಇಕಿ ಹುಟ್ಟಿದಾಗ ಹೊಕ್ಕಳ ಹುರಿ ಕೊಯ್ದಾಕಿ ನಾನ. ಆವಾಗ ಯಾರೂ ನನಗ ಕಾಗದ ಕೇಳಿದ್ದಿಲ್ಲ," ಅಂದಳು. ಗುಮಾಸ್ತರು ಕೆಮ್ಮಿದರು. ಕೆಮ್ಮಿದ್ದಕ್ಕೆ ಕಚೇರಿಯೆಲ್ಲ ತಿರುಗಿ ನೋಡಿತು. ಅಜ್ಜಿಯ ಮಾತಿಗೆ ಯಾರೂ ನೋಡಲಿಲ್ಲ.

ಹೀಗೆ ಒಪ್ಪಿಗೆ ಪತ್ರ ಕುರಿಯ ಹಿಂದೆ ಹೊರಟಿತು. ದುರಗಪ್ಪನ ಹತ್ತಿರ ಗುಂಡಿ ಒತ್ತುವ ಸಣ್ಣ ಫೋನಿದೆ, ಅದನ್ನು ಯಾರದಾದರೂ ಪಂಪ್‌ಸೆಟ್ ಮನೆಯಲ್ಲಿ ಚಾರ್ಜಿಗೆ ಹಾಕಿದಾಗ ಮಾತ್ರ ಜೀವ. ನಾಲ್ಕು ದಿನ ಅದು ಸತ್ತಿತ್ತು. ಐದನೆಯ ದಿನ ಸಿಕ್ಕ, ಹೇಮಗುಡ್ಡದ ಕೆಳಗೆ ಇದ್ದೀನಿ, ಭಾನುವಾರದತನಕ ಇರತೀನಿ ಅಂದ. ನಮ್ಮ ಪಕ್ಕದ ಮನೆಯ ಅಬ್ದುಲರೌಫ ತನ್ನ ಟೆಂಪೋದಲ್ಲಿ ಭತ್ತದ ಹುಲ್ಲು ತರಲಿಕ್ಕೆ ಆ ಕಡೆ ಹೊರಟಿದ್ದ. ನಾನು ಪತ್ರವನ್ನು ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟು, ಅದರ ಮೇಲೆ ಇನ್ನೊಂದು ಕವರು ಹಾಕಿ, ಹೊಸ ಸೊಸೆಯನ್ನು ಕರೆದುಕೊಂಡು ಹೋಗುವ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಅವನ ಪಕ್ಕದಲ್ಲಿ ಕೂತೆ. ದಾರಿಯುದ್ದಕ್ಕೂ ಅವನದು ಒಂದೇ ಮಾತು: ಈ ಟೆಂಪೋಕ್ಕೆ ಇರುವುದಕ್ಕಿಂತ ಹೆಚ್ಚು ಕಾಗದಪತ್ರ ಆ ಹುಡುಗಿಗೆ ಬೇಕಾಗಿದೆ, ಅಕ್ಕಾ, ನಂಬರ್ ಪ್ಲೇಟೊಂದು ಬಾಕಿ.

ಹಿಂಡು ಸಿಕ್ಕಿತು. ದುರಗಪ್ಪ ಒಂದು ಮರಿಯ ಕಾಲಿಗೆ ಔಷಧಿ ಹಚ್ಚುತ್ತ ಕೂತಿದ್ದ. ಅವನ ಹೆಂಡತಿ ಪಾರಮ್ಮ ನೀರಿಗೆ ಹೋಗಿದ್ದಳು. ನಾನು ವಿಷಯ ಹೇಳಿದೆ. ಮಗಳು ಸಾಲಿಗೆ ಹೋಗುವುದಕ್ಕೆ ತನ್ನದೇನೂ ತಕರಾರಿಲ್ಲವಲ್ಲ, ಇದನ್ನು ಕೇಳಲು ಇಷ್ಟು ದೂರ ಯಾಕೆ ಬಂದಿರಿ ಎಂದು ಅವನಿಗೆ ಆಶ್ಚರ್ಯ. ಓದಿ ಹೇಳಿರಿ ಅಂದ. ಓದಿದೆ. ತಾವೂ ಇನ್ನೊಮ್ಮೆ ಓದಿ, ತಮ್ಮದೇ ವಾಕ್ಯ: "ಶಾಲೆ ಅಥವಾ ವಸತಿನಿಲಯದಲ್ಲಿರುವಾಗ ನನ್ನ ಮಗ/ಮಗಳಿಗೆ ಸೋಂಕು ತಗುಲಿದಲ್ಲಿ ಅದಕ್ಕೆ ನಾನೇ ಸಂಪೂರ್ಣ ಜವಾಬ್ದಾರನಾಗಿದ್ದು, ಯೋಜನೆಯ ಯಾವ ಅಧಿಕಾರಿಯೂ ಹೊಣೆಯಾಗಿರುವುದಿಲ್ಲ."

ದುರಗಪ್ಪ ಮರಿಯನ್ನು ಕೆಳಗೆ ಬಿಟ್ಟ.

"ಅಕ್ಕಾರ, ಇನ್ನೊಮ್ಮಿ ಓದ್ರಿ."

ಓದಿದೆ.

"ಹುಡುಗಿ ಇರೂದು ಅವರ ಕಡೆ. ಏನರ ಆದ್ರ ಹೊಣಿ ನಂದು. ಹಂಗ ಐತೇನ್ರಿ ಅದು?"

ಹಂಗೇ ಐತಿ ಅಂದೆ.

"ನೋಡ್ರಿ, ಈ ಹಿಂಡಿನ್ಯಾಗ ಊರವರವು ನಲವತ್ತು ಕುರಿ ಅದಾವ. ನನಗ ಒಪ್ಪಿಸಿ ಕಳಿಸ್ಯಾರ. ಒಂದು ಸತ್ರ ಅದರ ಕಿವಿ ಕೊಯ್ದು ಒಣಗಿಸಿ ಇಟ್ಕೋತೀನಿ. ಊರಿಗೆ ಹೋದಾಗ ಅವರ ಕೈಯಾಗ ಕೊಟ್ಟು, ನಿಮ್ಮ ಕುರಿ ಹಿಂಗ ಸತ್ತೈತಿ, ನಾನ ಇದ್ನಿ, ಉಳಸಾಕ ಆಗಲಿಲ್ಲ ಅಂತ ಹೇಳ್ತೀನಿ. ಮೊದಲ ಅವರ ಹೆಬ್ಬೆಟ್ಟು ಒತ್ತಿಸಿಕೊಂಡು ಕುರಿ ಹೊಡಕೊಂಡು ಬರೂದು ನಮ್ಮಾಗ ಇಲ್ರಿ."

ಕುರಿಗಾರರಲ್ಲಿ ಒಬ್ಬೊಬ್ಬರ ಕುರಿಗೆ ಕಿವಿಯಲ್ಲಿ ಒಂದೊಂದು ನಮೂನೆಯ ಗುರುತು ಕೊಯ್ದಿರುತ್ತಾರೆ, ಅದಕ್ಕೇ ಕಿವಿ. ಅದನ್ನು ನೋಡಿದರೆ ಯಾರ ಕುರಿ ಎಂದು ಗೊತ್ತಾಗುತ್ತದೆ, ಕುರಿಗಾರ ಮಾರಿಕೊಂಡಿಲ್ಲವೆಂದೂ ಗೊತ್ತಾಗುತ್ತದೆ. ಅಕ್ಷರ ಬಾರದವರು ಮಾಡಿಕೊಂಡ ಏರ್ಪಾಡು ಇದು. ನಲವತ್ತೆಂಟು ಪುಟ ಬರೆಯಲು ಬಂದಿದ್ದರೆ ಅವರೂ ತಮ್ಮ ಹಾಗೆ ಜಾಣರಾಗುತ್ತಿದ್ದರೇನೋ.

ಅಷ್ಟು ಹೇಳಿದವನು ಒಪ್ಪಿಗೆ ಕೊಡದೆ ಇರಲಿಲ್ಲ. ಹುಡುಗಿ ಕಲಿಯಬೇಕಲ್ಲರೀ ಅಂದು ಕೈ ಮುಂದೆ ಮಾಡಿದ. ಆಗ ನನ್ನ ಬುದ್ಧಿಗೇಡಿತನ ಹೊರಬಿತ್ತು. ದಿನಕ್ಕೆ ಹತ್ತು ಮಂದಿಗೆ ಹೆಬ್ಬೆಟ್ಟಿನ ಶಾಯಿ ಪ್ಯಾಡು ಮುಂದೊಡ್ಡುವ ನಾನು, ಪತ್ರಕ್ಕೆ ಎರಡು ಕವರು ಹಾಕಿದ ನಾನು, ಪ್ಯಾಡನ್ನು ಅಂಗಡಿಯಲ್ಲೇ ಬಿಟ್ಟು ಬಂದಿದ್ದೆ. ನನ್ನ ಪೆನ್ನಿನಿಂದ ಅವನ ಹೆಬ್ಬೆಟ್ಟಿಗೆ ಶಾಯಿ ಬಳಿದು ಬೇರೊಂದು ಚೀಟಿಯ ಮೇಲೆ ಒತ್ತಿಸಿ ನೋಡಿದೆ. ಔಷಧಿ, ಉಣ್ಣೆಯ ಜಿಡ್ಡು, ಎರಡೂ ಮೆತ್ತಿದ ಬೆರಳು; ಶಾಯಿ ಹಿಡಿಯಲೇ ಇಲ್ಲ. ಆಗ ದುರಗಪ್ಪನಿಗೆ ಉಪಾಯ ಹೊಳೆಯಿತು. ಎರಡು ಹಿಂಡು ಒಂದೇ ಹೊಲದ ಹತ್ತಿರ ಬಂದಾಗ ಕಲೆಸಿಹೋಗಬಾರದೆಂದು ತನ್ನ ಕುರಿಗಳ ಬೆನ್ನಿಗೆ ಹಚ್ಚುವ ಕೆಂಪು ಬಣ್ಣದ ಡಬ್ಬಿ ತಂದ. ಹೆಬ್ಬೆಟ್ಟು ಅದ್ದಿ, ಅಂಗಿಗೆ ಅರ್ಧ ಒರೆಸಿ, ಪತ್ರದ ಮೇಲೆ ಒತ್ತಿದ. ನನ್ನ ಇಷ್ಟು ವರ್ಷದ ವೃತ್ತಿಯಲ್ಲಿ ಅಂಥ ಹೆಬ್ಬೆಟ್ಟು ನೋಡಿಲ್ಲ. ಒಂದೊಂದು ಗೆರೆ ಎಣಿಸಬಹುದಿತ್ತು. "ಮಳಿಗೂ ಹೋಗಂಗಿಲ್ಲರೀ ಇದು," ಎಂದು ಅವನೇ ಖಾತ್ರಿ ಕೊಟ್ಟ.

ಸೋಮವಾರ ಆ ಪತ್ರವನ್ನು ತಮ್ಮ ಕಚೇರಿಯ ಟೇಬಲ್ಲಿನ ಮೇಲೆ ಇಟ್ಟೆ. ಗುಮಾಸ್ತರು ಮುಟ್ಟಲಿಲ್ಲ. ಹೊರಗಿನಿಂದ ಬಂದ ಕಾಗದವನ್ನು ಮೊದಲು ಸೋಂಕುಮುಕ್ತ ಮಾಡಬೇಕು ಎಂಬುದು ತಮ್ಮ ಮೂವತ್ತೊಂದನೆಯ ಪುಟ. ನಾನು ತಡೆಯುವುದರೊಳಗೆ ಅವರು ಸ್ಯಾನಿಟೈಜರಿನ ಬಾಟಲಿ ಎತ್ತಿ, ದೋಸೆ ಹಂಚಿಗೆ ನೀರು ಚಿಮುಕಿಸಿದಂತೆ ಪತ್ರದ ಮೇಲೆಲ್ಲ ಹೊಡೆದರು. ನಾವಿಬ್ಬರೂ ನೋಡುತ್ತ ನಿಂತೆವು. ಮೊದಲು ತಮ್ಮ ಕಚೇರಿಯ ಗುಂಡು ಶಿಕ್ಕ ಕರಗಿತು. ಆಮೇಲೆ ವಾರ್ಡನ್ನರ ಸಹಿ ಹೊರಟಿತು. ನಾನು ನೀಲಿ ಶಾಯಿಯಲ್ಲಿ ದುಂಡಗೆ ತುಂಬಿದ್ದ ಹೇಮಾಳ ಹೆಸರು, ತರಗತಿ, ನಂಬರು ಎಲ್ಲ ಒಂದಾಗಿ ಕಾಗದದ ಕೆಳಗಿನ ಅಂಚಿಗೆ ಹರಿದವು. ಕೊನೆಗೆ ಉಳಿದದ್ದು ಎರಡೇ. ತಮ್ಮ ಹೊಣೆಯಿಲ್ಲ ಎಂಬ ಅಚ್ಚಿನ ವಾಕ್ಯ. ಅದರ ಕೆಳಗೆ ಒಂದಿಷ್ಟೂ ಕದಲದ ಆ ಕೆಂಪು ಹೆಬ್ಬೆಟ್ಟು. ಗುಮಾಸ್ತರು ಬಹಳ ಹೊತ್ತು ಅದನ್ನು ಬೆಳಕಿಗೆ ಹಿಡಿದು ನೋಡಿದರು. "ಮೇಡಮ್ಮಾರ, ಹೆಬ್ಬೆಟ್ಟು ನೀಲಿ ಇರಬೇಕಿತ್ತು, ಇದು ಕೆಂಪೈತಿ," ಅಂದರು. ತಿರಸ್ಕರಿಸಲಾಗಿದೆ ಎಂಬ ಶಿಕ್ಕ ಒತ್ತಲು ನೋಡಿದರು, ಕಾಗದ ಒದ್ದೆಯಿತ್ತು, ಒಣಗಲೆಂದು ಫ್ಯಾನಿನ ಕೆಳಗೆ ಇಟ್ಟರು. ಮಾನ್ಯರೇ, ಇದ್ದ ನೀಲಿಯನ್ನೆಲ್ಲ ತೊಳೆದುಹಾಕಿದ ಕಚೇರಿ, ತೊಳೆದರೂ ಹೋಗದ ಒಂದೇ ಒಂದು ಗುರುತನ್ನು ನೀಲಿಯಿಲ್ಲವೆಂದು ತಿರಸ್ಕರಿಸಿತು. ನಗೆಬರಹ ಬರೆಯುವವರ ಹೊಟ್ಟೆಯ ಮೇಲೆ ಹೊಡೆಯುವುದಕ್ಕೂ ಒಂದು ಮಿತಿ ಬೇಡವೇ? ಇದನ್ನು ಮೀರಿಸಿ ನಾನು ಏನು ಕಲ್ಪಿಸಿ ಬರೆಯಲಿ?

ಇದರ ನಡುವೆ ಮೂಗಿನ ಕಥೆ. ಹಾಸ್ಟೆಲಿಗೆ ಬರುವ ಮಗು ಎಪ್ಪತ್ತೆರಡು ತಾಸಿನೊಳಗಿನ ನೆಗೆಟಿವ್ ವರದಿ ತರಬೇಕು. ಸರಿ, ಬೇಕು. ಇಲ್ಲಿ ಮೂಗಿಗೆ ಕಡ್ಡಿ ಹಾಕಿದ ಐದನೆಯ ದಿನ ವರದಿ ಬರುತ್ತದೆ. ತಾಸು ಎಣಿಸುವುದು ಕಡ್ಡಿ ಹಾಕಿದ ಗಳಿಗೆಯಿಂದ. ಅಂದರೆ ಆ ವರದಿ ಹುಟ್ಟುವುದೇ ಸತ್ತು. ಹೇಮಾ ಮೂರು ಸಲ ಮೂಗು ಒಡ್ಡಿದಳು, ಮೂರು ಸಲ ನೆಗೆಟಿವ್ ಬಂತು, ಮೂರು ಸಲ ಅವಧಿ ಮುಗಿದಿದೆ ಅಂದಿರಿ. ಇದರ ಗಣಿತ ನನಗೆ ತಿಳಿಯಲಿಲ್ಲ, ಲೆಕ್ಕದಲ್ಲಿ ಜಾಣೆಯಾದ ಹೇಮಾಳನ್ನು ಕೇಳಿದೆ. ಅವಳು ಸ್ಟೂಲಿನ ಮೇಲೆ ಕೂತು ಸ್ವಲ್ಪ ಹೊತ್ತು ಯೋಚಿಸಿ, ಇದಕ್ಕೆ ಉತ್ತರ ಬರಂಗಿಲ್ಲ, ಲೆಕ್ಕಾನ ತಪ್ಪು ಕೊಟ್ಟಾರ ಅಂದಳು. ಹತ್ತನೆಯ ತರಗತಿಯ ಹುಡುಗಿ ಎರಡು ನಿಮಿಷದಲ್ಲಿ ಕಂಡದ್ದು ತಮ್ಮ ಸಮಿತಿಯ ಹದಿನಾಲ್ಕು ಮಂದಿಗೆ ಎರಡು ತಿಂಗಳು ಕಾಣಲಿಲ್ಲ. ಬಹುಶಃ ಆರು ಅಡಿ ಅಂತರದಲ್ಲಿ ಕೂತು ಯೋಚನೆ ಮಾಡಿದ್ದರಿಂದ ಒಬ್ಬರ ತಲೆಯಲ್ಲಿದ್ದದ್ದು ಇನ್ನೊಬ್ಬರ ತಲೆಗೆ ಹರಡಿರಲಿಕ್ಕಿಲ್ಲ.

ಕಳೆದ ಬುಧವಾರ ಖುದ್ದು ತಮ್ಮನ್ನು ಕಂಡೆ. ತಾವು ಪ್ಲಾಸ್ಟಿಕ್ ಪರದೆಯ ಆಚೆ ಕೂತು ನನ್ನ ಮಾತನ್ನೆಲ್ಲ ಕೇಳಿದಿರಿ. ಅಷ್ಟರಮಟ್ಟಿಗೆ ಸಜ್ಜನಿಕೆ ತಮ್ಮಲ್ಲಿದೆ. ಚಹಾ ಕೂಡ ಹೇಳಿದಿರಿ. ಹೊಸ ಪತ್ರ ಕೊಡಿಸಿದಿರಿ. ಈ ಸಲ ಮತ್ತೆ ತಕರಾರು ಬರಬಾರದೆಂದು ಅಪ್ಪನೇ ಬಂದು ತಮ್ಮ ಎದುರಿಗೆ ಒತ್ತಲಿ ಅಂದಿರಿ. ಅವನು ಬಂದರೆ ಮುನ್ನೂರು ಕುರಿ ಯಾರು ನೋಡಿಕೊಳ್ಳಬೇಕು? ಹಿಂಡು ಆಗಲೇ ಸಾಣಾಪುರದ ಕಡೆ ಸರಿದಿದೆ, ಇನ್ನೊಂದು ಕಡೆ ಗದ್ದೆಗೆ ನೀರು ಬಿಡುತ್ತಿದ್ದಾರೆ, ಪಾರಮ್ಮ ಒಬ್ಬಳ ಕೈಯಲ್ಲಿ ಅಷ್ಟು ಜೀವ ಬಿಟ್ಟು ಬರಲು ಆಗುವುದಿಲ್ಲ. ಇದನ್ನು ವಿವರಿಸಿದಾಗ ತಾವು ಕನ್ನಡಕ ತೆಗೆದು, ಮೊದಲ ಸಲ ಪುಸ್ತಕ ಬಿಟ್ಟು ಮನಸ್ಸಿನ ಮಾತು ಆಡಿದಿರಿ. "ನನ್ನ ಜಾಗಾದಾಗ ನಿಂತು ವಿಚಾರ ಮಾಡ್ರಿ. ನಾಳೆ ಏನರ ಹೆಚ್ಚುಕಡಿಮಿ ಆದ್ರ ಮ್ಯಾಲಿನವರು ನನ್ನ ಕೇಳ್ತಾರ. ನಾ ಏನು ತೋರಸ್ಲಿ?"

ನಡೆದು ಮನೆಗೆ ಬರುವಾಗ ಈ ಮಾತು ನನ್ನ ಪಕ್ಕದಲ್ಲೇ ನಡೆದು ಬಂತು. ಇಡೀ ಯೋಜನೆ ಇಷ್ಟೇ. ಮಗುವಿಗೆ ಏನೂ ಆಗಬಾರದು ಎಂಬುದಕ್ಕೆ ಇದರಲ್ಲಿ ಒಂದು ನಳವೂ ಇಲ್ಲ, ಒಂದು ಕಿಟಕಿಯೂ ಇಲ್ಲ. ಆದಾಗ ಏನು ತೋರಿಸಬೇಕು ಎಂಬುದಕ್ಕೆ ನಲವತ್ತೆಂಟು ಪುಟ. ದುರಗಪ್ಪ ಸತ್ತ ಕುರಿಯ ಕಿವಿ ತೋರಿಸುತ್ತಾನೆ, ತಾನಿದ್ದೆ ಎಂದು ಹೇಳಲಿಕ್ಕೆ. ತಾವು ದುರಗಪ್ಪನ ಹೆಬ್ಬೆಟ್ಟು ತೋರಿಸಬೇಕೆಂದಿದ್ದೀರಿ, ತಾವಿರಲಿಲ್ಲ ಎಂದು ಹೇಳಲಿಕ್ಕೆ. ಇಬ್ಬರೂ ಪರರ ಜೀವ ಕಾಯುವವರೇ. ಅವನು ಸಂಜೆ ಹಟ್ಟಿಗೆ ಹೋದಾಗ ಎಣಿಸುತ್ತಾನೆ, ಒಂದು ಕಡಿಮೆಯಾದರೆ ಊಟ ಬಿಟ್ಟು ಹುಡುಕುತ್ತಾನೆ. ತಮ್ಮ ಹಾಸ್ಟೆಲಿನ ಹತ್ತನೆಯ ತರಗತಿಯಲ್ಲಿ ಹದಿನೆಂಟು ಹುಡುಗಿಯರಿರಬೇಕು, ಹನ್ನೊಂದು ಇದ್ದಾರೆ. ಏಳು ಮಂದಿ ಎಲ್ಲಿ ಎಂದು ತಾವು ಯಾರನ್ನಾದರೂ ಕೇಳಿದಿರಾ?

ಆರು ಮಂದಿಯ ಸುದ್ದಿ ನನಗೂ ಗೊತ್ತಿಲ್ಲ. ಏಳನೆಯವಳು ಹೇಮಾ ಎಲ್ಲಿದ್ದಾಳೆಂದು ಹೇಳುತ್ತೇನೆ. ಕಳೆದ ಗುರುವಾರದಿಂದ ಕುಷ್ಟಗಿ ದಾರಿಯ ಒಂದು ಹೈಬ್ರಿಡ್ ಬೀಜದ ಹೊಲಕ್ಕೆ ಹೋಗುತ್ತಿದ್ದಾಳೆ. ಹೆಣ್ಣು ಮೊಗ್ಗನ್ನು ಬಿಡಿಸಿ, ಗಂಡು ಹೂವಿನ ಪುಡಿ ಮುಟ್ಟಿಸಿ, ದಾರ ಕಟ್ಟುವ ಕೆಲಸ. ಸಣ್ಣ ಬೆರಳಿನ ಹುಡುಗಿಯರೇ ಬೇಕು ಅದಕ್ಕೆ. ಬೆಳಿಗ್ಗೆ ಒಂದು ಟಂಟಂನಲ್ಲಿ ಇಪ್ಪತ್ತೆರಡು ಹುಡುಗಿಯರು, ಒಬ್ಬರ ತೊಡೆಯ ಮೇಲೆ ಒಬ್ಬರು. ಆರು ಅಡಿ ಅಂತರ ಅಲ್ಲಿಯೂ ಇದೆ, ಟಂಟಂಗೂ ಅದರ ಹಿಂದಿನ ಟಂಟಂಗೂ ನಡುವೆ. ಒಪ್ಪಿಗೆ ಪತ್ರ ಯಾರೂ ಕೇಳಿಲ್ಲ. ಮೂಗು ಯಾರೂ ನೋಡಿಲ್ಲ. ಅಜ್ಜಿ ಪಾಲಕಳೋ ಇತರೆಯೋ ಎಂಬ ಚರ್ಚೆ ನಡೆದಿಲ್ಲ. ಭಾನುವಾರ ಅಂಗಡಿಗೆ ಬಂದಿದ್ದಳು. ಬೆರಳ ತುದಿ ಹಸಿರು ಹಳದಿಯಾಗಿತ್ತು. ವಿಜ್ಞಾನದ ಪುಸ್ತಕದಲ್ಲಿ ಪರಾಗಸ್ಪರ್ಶದ ಪಾಠ ತೆಗೆದು, ಇದರ ಮೇಲೆ ಪರೀಕ್ಷೆಯಲ್ಲಿ ನಾಲ್ಕು ಅಂಕದ ಪ್ರಶ್ನೆ ಬರುತ್ತದಂತೆ ಎಂದು ತೋರಿಸಿದಳು. ದಿನಕ್ಕೆ ಸಾವಿರ ಹೂವಿಗೆ ಅದನ್ನೇ ಮಾಡಿ ಬರುವವಳು. ಹೊಲದ ಕೆಲಸ ಹ್ಯಾಂಗೈತಿ ಎಂದು ಕೇಳಿದೆ. ಅವಳು ದೂರು ಹೇಳಲಿಲ್ಲ, ಅಳಲಿಲ್ಲ. "ಛಲೋ ಐತ್ರಿ ಅಕ್ಕಾರ. ಹೊತ್ತಿಗೆ ಸರಿಯಾಗಿ ಹೋದ್ರ ಸಾಕು, ಒಳಗ ಬಿಡ್ತಾರ," ಅಂದಳು.

ಮಾನ್ಯರೇ, ಬಹುಮಾನಕ್ಕೆಂದು ಇಂಥ ವಾಕ್ಯವನ್ನು ಯಾರಾದರೂ ಬರೆದಿದ್ದರೆ ನಾನು ಕಡಿಮೆ ಅಂಕ ಕೊಡುತ್ತಿದ್ದೆ. ಇದು ಬರೆದದ್ದಲ್ಲ. ಹದಿನೈದು ವರ್ಷದ ಹುಡುಗಿ ತಮ್ಮ ಕಚೇರಿಯನ್ನೂ ಒಂದು ಹೊಲವನ್ನೂ ಹೋಲಿಸಿ ನೋಡಿ, ತನಗೆ ಅರ್ಥವಾದದ್ದನ್ನು ಹೇಳಿದ ಮಾತು. ಅವಳಿಗೆ ಹಾಗೆ ಅರ್ಥವಾಗಲಿ ಎಂದೇ ನಾವೆಲ್ಲ ಸೇರಿ ಯೋಜನೆ ಮಾಡಿದೆವೇ?

ಈಗ ಬೇಡಿಕೆ. ವಿನಂತಿ ಎನ್ನುವ ಶಬ್ದವನ್ನು ಇಪ್ಪತ್ತಮೂರು ದಿನ ಬಳಸಿ ಮುಗಿಸಿದ್ದೇನೆ. ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಹೇಮಾ, ಅವಳ ಅಜ್ಜಿ ಶಿವಲಿಂಗಮ್ಮ ಹಾಗೂ ನಾನು ಹಾಸ್ಟೆಲಿನ ಬಾಗಿಲಲ್ಲಿ ಇರುತ್ತೇವೆ. ಹೇಮಾ ಎರಡು ಮಾಸ್ಕು ತಂದಿರುತ್ತಾಳೆ. ಅಜ್ಜಿಯ ಹೆಬ್ಬೆಟ್ಟು ಒಪ್ಪಿಕೊಳ್ಳಿ; ಶಾಯಿ ಪ್ಯಾಡು ನಾನು ತರುತ್ತೇನೆ, ನೀಲಿಯದೇ. ಹೊಣೆಯ ವಾಕ್ಯದ ಮೇಲೆ ಒಂದು ಗೆರೆ ಎಳೆಯಿರಿ. ಮೂಗಿಗೆ ಕಡ್ಡಿ ಹಾಕುವವರನ್ನು ಬಾಗಿಲಿಗೇ ಕರೆಸಿ, ವರದಿ ಬರುವತನಕ ಅವಳನ್ನು ಬೇರೆ ಕೋಣೆಯಲ್ಲಿ ಇರಿಸಿ. ಐದು ದಿನ ಒಬ್ಬಳೇ ಇರಲು ಅವಳು ತಯಾರು, ಪುಸ್ತಕ ಇದ್ದರೆ ಸಾಕು. ಮಂಗಗಳ ಸಲುವಾಗಿ ಜಡಿದ ಹಲಗೆಯ ಬಗ್ಗೆ ಆಮೇಲೆ ಮಾತಾಡೋಣ, ಅಬ್ದುಲರೌಫನ ಹತ್ತಿರ ಸುತ್ತಿಗೆ ಇದೆ.

ಇದು ಆಗುವುದಿಲ್ಲವೆಂದರೆ ಆಗುವುದಿಲ್ಲವೆಂದು ಬರೆದುಕೊಡಿ. ಗುಮಾಸ್ತರ ಮೂಲಕ ಹೇಳಿಕಳಿಸುವುದು ಬೇಡ. ಒಂದು ಬಿಳಿ ಹಾಳೆಯ ಮೇಲೆ ಈ ಹುಡುಗಿಯನ್ನು ಒಳಗೆ ಬಿಡದವನು ನಾನು, ಇವಳ ಹತ್ತನೆಯ ತರಗತಿ ಹೋದರೆ ಹೊಣೆ ನನ್ನದು ಎಂದು ಬರೆದು, ಕೆಳಗೆ ತಮ್ಮ ಸಹಿ. ಯಾವ ಬಣ್ಣದ ಶಾಯಿಯಾದರೂ ನಡೆಯುತ್ತದೆ.

ಒಂದು ಮಾತು ತಮಗೆ ತಿಳಿದಿರಲಿ. ಶನಿವಾರ ಹೇಮಾ ಬೀಜದ ಹೊಲಕ್ಕೆ ಹೋಗುವುದಿಲ್ಲ. ಒಂದು ದಿನ ತಪ್ಪಿಸಿದರೂ ಅವಳ ಸಾಲನ್ನು ಬೇರೆ ಹುಡುಗಿಗೆ ಕೊಡುತ್ತೇವೆ ಎಂದು ಅಲ್ಲಿಯವರು ಹೇಳಿದ್ದಾರೆ. ಹಾಗಾದರೆ ಕೊಡಲಿ ಎಂದು ಹೇಳಿ ಬಂದಿದ್ದಾಳೆ. ಆ ಬಾಗಿಲನ್ನು ಅವಳೇ ಮುಚ್ಚಿ ಬರುತ್ತಾಳೆ. ತಮ್ಮದನ್ನು ತೆರೆಯಿರಿ.

ಇಂತಿ,
ತಮ್ಮ ಅರ್ಜಿಯ ಯಾವ ಕಾಲಮ್ಮಿನಲ್ಲೂ ಕೂರದ "ಇತರೆ",
ಲಲಿತಾ
ಬಸ್ ನಿಲ್ದಾಣದ ಎದುರು, ಯಲಬುರ್ಗಾ